ಟವೆಲ್ ಕೆಳಗಿನ ಬೆರಳು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಜೋಡಿ ಎತ್ತಿನ ವ್ಯಾಪಾರ ಮುಗಿಯುವವರೆಗೆ ನಿಂತು ನೋಡಬೇಕು. ದಲ್ಲಾಳಿ ಎತ್ತಿನ ಬಾಯಿ ಅಗಲಿಸಿ ಹಲ್ಲು ತೋರಿಸುತ್ತಾನೆ. ಸುಳಿ ಎಲ್ಲೆಲ್ಲಿದೆ, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಬೆರಳಿಟ್ಟು ಹೇಳುತ್ತಾನೆ. ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಎಲ್ಲವೂ ಹತ್ತು ಜನರೆದುರು, ಗಟ್ಟಿ ದನಿಯಲ್ಲಿ. ಪಕ್ಕದಲ್ಲಿ ಕಡ್ಲೆಪುರಿ ತಿನ್ನುತ್ತ ನಿಂತ ಸ್ಕೂಲ್ ಹುಡುಗನೂ ಎರಡು ಹಲ್ಲಿಗೂ ನಾಲ್ಕು ಹಲ್ಲಿಗೂ ಏನು ವ್ಯತ್ಯಾಸ ಅಂತ ಪುಕ್ಕಟೆ ಕಲಿತುಕೊಳ್ಳಬಹುದು. ಆದರೆ ದರದ ಮಾತು ಬಂತೋ, ಹೆಗಲ ಮೇಲಿದ್ದ ಟವೆಲ್ ಇಬ್ಬರ ಕೈ ಮೇಲೆ ಬೀಳುತ್ತದೆ. ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ, ಬಿಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಎಷ್ಟಕ್ಕೆ ಕೇಳಿದ, ಎಷ್ಟಕ್ಕೆ ನಿಂತ ಅನ್ನುವುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು.

ಈ ಟವೆಲ್ ನನಗೆ ಮತ್ತೆ ನೆನಪಾದದ್ದು ಶೇರು ಮಾರ್ಕೆಟ್ಟಿನ ದೆಸೆಯಿಂದ. 2021ರಲ್ಲಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ, ಒಂದು ಬೆಳಿಗ್ಗೆ ಅಕ್ಕನ ಮಗನ ರೂಮಿಗೆ ಕಾಫಿ ತಗೊಂಡು ಹೋದೆ. ಹುಡುಗ ಲ್ಯಾಪ್‌ಟಾಪ್ ಎದುರು ಕೂತು ಗಡಿಯಾರ ನೋಡುತ್ತಿದ್ದ. "ಎರಡು ನಿಮಿಷ ಮಾಮ, 9:20 ಆಗ್ಲಿ" ಅಂದ. 9:20 ಆಯಿತು. ಟಕಟಕ ಎರಡು ಆರ್ಡರ್ ಹಾಕಿದ, ಎರಡು ಸ್ಟಾಪ್‌ಲಾಸ್ ಹಾಕಿದ, ಲ್ಯಾಪ್‌ಟಾಪ್ ಮುಚ್ಚಿ ಕಾಫಿ ತೆಗೆದುಕೊಂಡ. "ಮುಗೀತು. ಇನ್ನು ಮಧ್ಯಾಹ್ನ 3:15ಕ್ಕೆ." ಇದನ್ನು ಎಲ್ಲಿ ಕಲಿತೆ ಅಂತ ಕೇಳಿದೆ. "ಇದು ಎಲ್ರಿಗೂ ಗೊತ್ತು ಮಾಮ. ನೈನ್-ಟ್ವೆಂಟಿ ಸ್ಟ್ರಾಡಲ್."

ಎಲ್ಲರಿಗೂ ಗೊತ್ತಿರುವ ಉಪಾಯದಿಂದ ದುಡ್ಡು ಹೇಗೆ ಹುಟ್ಟುತ್ತದೆ? ಅವತ್ತು ತಲೆಗೆ ಹೊಕ್ಕ ಈ ಪ್ರಶ್ನೆಯ ಇನ್ನೊಂದು ಮಗ್ಗುಲೇ ಟ್ರೇಡರುಗಳ ನಡುವೆ ಆಗಾಗ ಜಗಳಕ್ಕೆ ಕಾರಣವಾಗುವ ಮಾತು: ಗೆಲ್ಲುವ ಸ್ಟ್ರಾಟಜಿ ಕೈಯಲ್ಲಿದ್ದರೆ ಅದನ್ನು ನಾಲ್ಕು ಜನರಿಗೆ ಹೇಳಬೇಕೇ, ಬಾಯಿ ಮುಚ್ಚಿಕೊಂಡಿರಬೇಕೇ?

ಮೊದಲು ಆ 9:20ರ ಲೆಕ್ಕವನ್ನೇ ಬಿಡಿಸೋಣ. ಬ್ಯಾಂಕ್ ಶೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿ 36,000ದಲ್ಲಿದೆ ಅಂದುಕೊಳ್ಳಿ. 36,000ದ ಕಾಲ್ (ಸೂಚ್ಯಂಕ ಏರಿದರೆ ಬೆಲೆ ಏರುವ ಆಪ್ಷನ್) ಒಂದು, ಅದೇ 36,000ದ ಪುಟ್ (ಇಳಿದರೆ ಬೆಲೆ ಏರುವ ಆಪ್ಷನ್) ಒಂದು, ಎರಡನ್ನೂ ಮಾರುವುದು. ಒಂದೊಂದಕ್ಕೂ 200 ರೂಪಾಯಿ ಪ್ರೀಮಿಯಂ ಎನ್ನೋಣ. ಆಗ ಒಂದು ಲಾಟ್ ಅಂದರೆ 25. ಹಾಗಾಗಿ ಬಂದದ್ದು 10,000. ಮಾರ್ಕೆಟ್ ಹೆಚ್ಚು ಅಲುಗಾಡದೆ ಕೂತರೆ ಹೊತ್ತು ಏರಿದಂತೆ ಎರಡೂ ಪ್ರೀಮಿಯಂ ಕರಗುತ್ತವೆ, ಮಧ್ಯಾಹ್ನ ಅಗ್ಗಕ್ಕೆ ವಾಪಸ್ ಕೊಂಡರೆ ವ್ಯತ್ಯಾಸ ಲಾಭ. ಅಲುಗಾಡಿದರೆ? ಎರಡಕ್ಕೂ 250ರಲ್ಲಿ ಸ್ಟಾಪ್‌ಲಾಸ್ ಇದೆ, ಅಂದರೆ ದರ ಅಲ್ಲಿಗೇರಿದರೆ ನಷ್ಟ ಒಪ್ಪಿ ವಾಪಸ್ ಕೊಳ್ಳುವ ಆರ್ಡರ್. ಮಾರ್ಕೆಟ್ ಒಂದೇ ದಿಕ್ಕಿಗೆ ಓಡಿದರೆ ಎರಡರಲ್ಲಿ ಒಂದು, ಟ್ರೇಡರುಗಳ ಮಾತಿನಲ್ಲಿ ಒಂದು ಕಾಲು, ಮುರಿಯುತ್ತದೆ, 50 ನಷ್ಟ. ಇನ್ನೊಂದು ಕಾಲು 40ಕ್ಕೆ ಇಳಿದಿದ್ದರೆ 160 ಲಾಭ. ನಿವ್ವಳ 110, ಅಂದರೆ 2,750 ರೂಪಾಯಿ. ಮೇಲೆ ಹೋಗಿ, ತಿರುಗಿ ಕೆಳಗೂ ಬಂದು ಎರಡೂ ಕಾಲು ಮುರಿದ ದಿನ 2,500 ಕೈಬಿಡುತ್ತದೆ. ಅಂಥ ದಿನಗಳಿಗಿಂತ ಮೊದಲಿನ ಥರದ ದಿನಗಳು ಹೆಚ್ಚಿದ್ದರೆ ತಿಂಗಳ ಕೊನೆಗೆ ಏನೋ ಉಳಿಯುತ್ತದೆ. ಇಷ್ಟೇ ಗುಟ್ಟು. ಎಸ್‌ಎಸ್‌ಎಲ್‌ಸಿ ಲೆಕ್ಕ.

ಈಗ ಈ ಗುಟ್ಟು ಊರಿಗೆಲ್ಲ ಗೊತ್ತಾಯಿತು ಅನ್ನಿ. ಗಡಿಯಾರದಲ್ಲಿ 9:20 ಮೂಡಿದ ಕ್ಷಣ ಸಾವಿರಾರು ಜನ ಒಟ್ಟಿಗೆ ಅದೇ ಕಾಲ್, ಅದೇ ಪುಟ್ ಮಾರಲು ಬಂದರೆ ಕೊಳ್ಳುವವನು 200 ಯಾಕೆ ಕೊಟ್ಟಾನು? 196ಕ್ಕೆ ಕೇಳುತ್ತಾನೆ. ಅತ್ತ 250ರ ಆಸುಪಾಸು ಸಾವಿರಾರು ಜನರ ಸ್ಟಾಪ್‌ಲಾಸ್ ಒಂದರ ಬೆನ್ನಿಗೊಂದು ಅಂಟಿಕೊಂಡು ಕೂತಿರುತ್ತದೆ. ದರ ಅಲ್ಲಿಗೆ ಮುಟ್ಟಿದೊಡನೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ, 250ಕ್ಕೆ ಸಿಗಬೇಕಾದದ್ದು 262ಕ್ಕೆ ಸಿಗುತ್ತದೆ. ಹೋಗುವಾಗ 4 ರೂಪಾಯಿ, ಬರುವಾಗ 12 ರೂಪಾಯಿ. ನೋಡಲು ಚಿಲ್ಲರೆ. ಆದರೆ ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ: ಗೆದ್ದ ದಿನದ 2,750 ಈಗ 2,250, ಸೋತ ದಿನದ 2,500 ಈಗ 3,300. ನಿಯಮ ಒಂದಕ್ಷರ ಬದಲಾಗಿಲ್ಲ. ಬ್ರೋಕರೇಜು, ತೆರಿಗೆ ಇನ್ನೂ ಕಳೆದಿಲ್ಲ.

(ಅಂಕಿ ನಾನು ವಿವರಣೆಗೆ ಹಾಕಿಕೊಂಡವು. ಬಾಗಿಲಿಗೆ ನುಗ್ಗುವ ಮಾತು ಮಾತ್ರ ಉತ್ಪ್ರೇಕ್ಷೆಯಲ್ಲ. ಸ್ಟಾಪ್‌ಲಾಸ್ ಆರ್ಡರುಗಳು ಸಿಕ್ಕ ದರಕ್ಕೆ ಕಡಿದುಕೊಂಡು ಹೋಗಿ ಆಪ್ಷನ್ ದರಗಳು ಕ್ಷಣಮಾತ್ರ ಎಲ್ಲೆಲ್ಲಿಗೋ ಹಾರಿದ ಪ್ರಸಂಗಗಳು 2021ರಲ್ಲಿ ನಡೆದ ಮೇಲೆ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಅದೇ ಸೆಪ್ಟೆಂಬರಿನಲ್ಲಿ ಆಪ್ಷನ್‌ಗಳಿಗೆ ಹೀಗೆ ಸಿಕ್ಕ ದರಕ್ಕೆ ಹೋಗುವ ಬಗೆಯ ಸ್ಟಾಪ್‌ಲಾಸ್ ಆರ್ಡರನ್ನೇ ನಿಲ್ಲಿಸಿತು.)

ಹೇಳಿದರೆ ಸ್ಟ್ರಾಟಜಿ ಸವೆಯುತ್ತದೆ ಅನ್ನುವುದಕ್ಕೆ ದೊಡ್ಡ ಪುರಾವೆಯೂ ಇದೆ. ಡೇವಿಡ್ ಮೆಕ್ಲೀನ್ ಮತ್ತು ಜೆಫ್ರಿ ಪಾಂಟಿಫ್ ಎಂಬ ಇಬ್ಬರು ಪ್ರಾಧ್ಯಾಪಕರು, ಶೇರುಗಳ ಮುಂದಿನ ಗಳಿಕೆಯನ್ನು ಊಹಿಸಬಲ್ಲವು ಎಂದು ಬೇರೆ ಬೇರೆ ವಿದ್ವಾಂಸರು ಪ್ರಕಟಿಸಿದ್ದ 97 ಸೂತ್ರಗಳನ್ನು ಗುಡ್ಡೆ ಹಾಕಿ ಪರೀಕ್ಷಿಸಿದರು. 2016ರಲ್ಲಿ ಬಂದ ಅವರ ಲೇಖನದ ಪ್ರಕಾರ, ಮೂಲ ಅಧ್ಯಯನದ ಅವಧಿ ದಾಟಿದೊಡನೆ ಗಳಿಕೆ ಶೇ 26ರಷ್ಟು ಕಡಿಮೆಯಾಗಿತ್ತು. ಪ್ರಕಟವಾದ ಮೇಲೆ ಶೇ 58ರಷ್ಟು. ಮೊದಲ 26 ಹೇಳುವುದಿಷ್ಟು: ಸೂತ್ರದಲ್ಲಿ ಒಂದಷ್ಟು ಭಾಗ ಶುರುವಿನಿಂದಲೂ ಅದೃಷ್ಟದ್ದೇ ಆಗಿತ್ತು, ಹಳೆಯ ಅಂಕಿಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಉಳಿದ 32 ಓದಿದವರು ಬಂದು ತಿಂದದ್ದು.

ಹೇಳಬೇಕಾ ಬೇಡವಾ ಎಂಬ ಇಕ್ಕಟ್ಟನ್ನು ಒಂದೇ ಜೀವಮಾನದಲ್ಲಿ ಎರಡೂ ಥರ ಬಗೆಹರಿಸಿಕೊಂಡವರು ಎಡ್ವರ್ಡ್ ಥಾರ್ಪ್. ಅಮೆರಿಕದ ಈ ಗಣಿತದ ಮೇಷ್ಟ್ರು ಬ್ಲ್ಯಾಕ್‌ಜಾಕ್ ಇಸ್ಪೀಟಾಟದಲ್ಲಿ ಎಲೆ ಲೆಕ್ಕವಿಟ್ಟು ಗೆಲ್ಲುವ ಕ್ರಮವನ್ನು 1962ರಲ್ಲಿ ಪುಸ್ತಕ ಬರೆದು ಲೋಕಕ್ಕೆ ಹೇಳಿಬಿಟ್ಟರು. ಲಾಸ್ ವೇಗಸ್‌ನ ಕ್ಯಾಸಿನೊಗಳು ಗಾಬರಿಬಿದ್ದು 1964ರಲ್ಲಿ ಆಟದ ನಿಯಮವನ್ನೇ ಬಿಗಿ ಮಾಡಿದವು. ಗಿರಾಕಿಗಳು ಬೇಸತ್ತು ಬರುವುದು ಬಿಟ್ಟಾಗ ಕೆಲವೇ ವಾರಗಳಲ್ಲಿ ಹಳೆಯ ನಿಯಮಕ್ಕೆ ಮರಳಿದವು. ಪುಸ್ತಕ ಓದಿದವರಲ್ಲಿ ಬಹಳ ಮಂದಿ ಎಲೆ ಲೆಕ್ಕವಿಡಲಾರದೆ ಮೊದಲಿನಂತೆಯೇ ಸೋಲುತ್ತಿದ್ದರು ಅನ್ನುವುದು ಕ್ಯಾಸಿನೊದವರಿಗೆ ತಡವಾಗಿ ಹೊಳೆಯಿತು! 1967ರಲ್ಲಿ ಥಾರ್ಪ್, ಶೀನ್ ಕಸ್ಸೂಫ್ ಜೊತೆ ಸೇರಿ ಆಪ್ಷನ್ ಥರದವೇ ಆದ ವಾರಂಟ್‌ಗಳಲ್ಲಿ ದುಡ್ಡು ಮಾಡುವ ಬಗೆಯನ್ನೂ ಪುಸ್ತಕವಾಗಿ ಬರೆದರು. ಆದರೆ ಅದಾದ ಮೇಲೆ ಆಪ್ಷನ್ ಬೆಲೆ ಕಟ್ಟುವ ಇನ್ನೂ ಚೊಕ್ಕದಾದ ಸೂತ್ರ ಕೈಗೆ ಸಿಕ್ಕಾಗ ಟವೆಲ್ ಹಾಕಿದರು. 1969ರಲ್ಲಿ ಫಂಡ್ ಶುರು ಮಾಡಿ ಸದ್ದಿಲ್ಲದೆ ಅದನ್ನು ಬಳಸಿದರು. ಅದೇ ಜಾಡಿನ ಸೂತ್ರವನ್ನು 1973ರಲ್ಲಿ ಫಿಷರ್ ಬ್ಲ್ಯಾಕ್, ಮೈರನ್ ಶೋಲ್ಸ್ ಪ್ರಕಟಿಸಿ ಹೆಸರು ಮಾಡಿದರು. ಶೋಲ್ಸ್‌ಗೆ 1997ರಲ್ಲಿ ನೊಬೆಲ್ ಬಂತು. ಥಾರ್ಪ್‌ಗೆ ದುಡ್ಡು ಬಂತು. ಯಾರು ಜಾಣರು ಅನ್ನುವುದು ಅವರವರ ಮನೆಯ ಲೆಕ್ಕ.

ಕ್ಯಾಸಿನೊ ಕಥೆಯಲ್ಲಿರುವ ಸೂಕ್ಷ್ಮ ಇಡೀ ಚರ್ಚೆಯ ಬೀಗದ ಕೈ ಅಂತ ನನಗನ್ನಿಸುತ್ತದೆ. ಹೇಳಿದ್ದನ್ನೆಲ್ಲ ಜನ ಮಾಡುವುದಿಲ್ಲ. 1983ರಲ್ಲಿ ಶಿಕಾಗೊದ ಟ್ರೇಡರ್ ರಿಚರ್ಡ್ ಡೆನಿಸ್ ಮತ್ತು ಅವರ ಗೆಳೆಯ ವಿಲಿಯಂ ಎಕ್‌ಹಾರ್ಟ್ ನಡುವೆ ಇದಕ್ಕೆ ಹತ್ತಿರದ ವಿಷಯಕ್ಕೇ ವಾದ ಬಿತ್ತು. ಟ್ರೇಡಿಂಗ್ ಕಲಿಸಿದರೆ ಬರುತ್ತದೆ ಎಂದರು ಡೆನಿಸ್, ಹುಟ್ಟಿನಿಂದ ಬರಬೇಕು ಎಂದರು ಎಕ್‌ಹಾರ್ಟ್. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಆಯ್ದ ಬೆರಳೆಣಿಕೆಯ ಮಂದಿಗೆ ಎರಡು ವಾರ ಪಾಠ ಹೇಳಿ, ಡೆನಿಸ್ ತಮ್ಮದೇ ದುಡ್ಡು ಕೊಟ್ಟು ಆಡಲು ಬಿಟ್ಟರು. ಸಿಂಗಪುರದ ಆಮೆ ಸಾಕುವ ತಾಣ ನೋಡಿ ಬಂದಿದ್ದ ನೆನಪಿಗೆ ಶಿಷ್ಯರಿಗೆ 'ಆಮೆಗಳು' ಎಂದು ಹೆಸರಿಟ್ಟರು.

ಆಮೆಗಳ ನಿಯಮ ಏನಿತ್ತು? ಕಳೆದ 20 ದಿನಗಳ ಗರಿಷ್ಠ ದರವನ್ನು ಇವತ್ತಿನ ದರ ದಾಟಿದರೆ ಕೊಳ್ಳು. 10 ದಿನಗಳ ಕನಿಷ್ಠಕ್ಕಿಂತ ಕೆಳಗಿಳಿದರೆ ಹೊರಗೆ ಬಾ. ಇನ್ನೊಂದು ನಿಧಾನದ ಪದ್ಧತಿಯಲ್ಲಿ 20ರ ಬದಲು 55, 10ರ ಬದಲು 20. ಒಂದು ಸರಕು ದಿನಕ್ಕೆ ಸರಾಸರಿ ಎಷ್ಟು ಏರಿಳಿಯುತ್ತದೋ ಅದನ್ನು ಅಳತೆಗೋಲಾಗಿ ಹಿಡಿದು, ಅದಕ್ಕೆ ತಕ್ಕಂತೆ ಎಷ್ಟು ಕೊಳ್ಳಬೇಕು, ಎಲ್ಲಿ ನಷ್ಟ ಒಪ್ಪಿಕೊಳ್ಳಬೇಕು ಎಂಬ ಲೆಕ್ಕ. ಒಟ್ಟು ನಾಲ್ಕು ಪುಟದಲ್ಲಿ ಮುಗಿಯುವ ಸಂಗತಿ. ಹೊರಗೆ ಹೇಳಬಾರದೆಂದು ಹತ್ತು ವರ್ಷದ ಕರಾರು ಬೇರೆ ಇತ್ತು. 2003ರಲ್ಲಿ ಹಳೆಯ ಆಮೆಯೊಬ್ಬರು, ಕರ್ಟಿಸ್ ಫೇತ್, ಇಷ್ಟನ್ನೂ ಪುಕ್ಕಟೆಯಾಗಿ ಹೊರಗಿಟ್ಟರು. ಅದನ್ನು ದುಡ್ಡಿಗೆ ಮಾರುತ್ತಿದ್ದವರ ಮೇಲಿನ ಸಿಟ್ಟೂ ಅದಕ್ಕೊಂದು ಕಾರಣ.

ಇಷ್ಟಾದರೂ, ಓದಿದವರೆಲ್ಲ ಆಮೆಗಳಾಗಲಿಲ್ಲ. ಯಾಕೆಂದರೆ ಈ ಪದ್ಧತಿಯಲ್ಲಿ ಸೋಲುವ ಸರದಿಯೇ ಉದ್ದ. ಕೊಂಡೆ, ಏರಲಿಲ್ಲ, ನಷ್ಟ. ಮತ್ತೆ ಕೊಂಡೆ, ಮತ್ತೆ ನಷ್ಟ. ಏಳು ಸಲ, ಒಂಬತ್ತು ಸಲ ಹೀಗಾದ ಮೇಲೆ ಹತ್ತನೆಯ ಸಲದ ಸೂಚನೆ ಬಂದಾಗ ಬೆರಳು ನಡುಗುತ್ತದೆ. ಈ ಸಲ ಬೇಡ ಅಂತ ಬಿಟ್ಟದ್ದೇ ವರ್ಷದ ದುಡಿಮೆಯನ್ನೆಲ್ಲ ತರಬೇಕಾಗಿದ್ದ ಓಟವಾಗಿರುತ್ತದೆ. ನಿಯಮಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೂ ಯಾರೂ ಪಾಲಿಸಲಾರರು ಎಂಬ ಅರ್ಥದ ಮಾತನ್ನು ಡೆನಿಸ್ ಅವರೇ ಆಡಿದ್ದರು. ಹಾಗೆಂದವರ ಫಂಡ್‌ಗಳೇ 1988ರಲ್ಲಿ ಭಾರಿ ನಷ್ಟದಿಂದ ಬಾಗಿಲು ಹಾಕಿದವು, ಆಮೆಗಳ ತಂಡವೂ ಚದುರಿತು. ಗುರುವಿಗೂ ಕಷ್ಟವಾದ ವ್ರತ ಅದು.

ಅಂದರೆ ಸ್ಟ್ರಾಟಜಿಗಳಲ್ಲಿ ಬಾವಿಯಂಥವು ಇವೆ, ಹೊಳೆಯಂಥವೂ ಇವೆ. 9:20ರದು ಬಾವಿ, ಇಷ್ಟೇ ನೀರು, ಬಿಂದಿಗೆ ಹೆಚ್ಚಿದಷ್ಟೂ ತಳ ಬೇಗ ಕಾಣುತ್ತದೆ. ಏರುವ ಶೇರೇ ಇನ್ನಷ್ಟು ಏರುತ್ತದೆ ಎಂಬ ಮೊಮೆಂಟಂ ತತ್ತ್ವ ಹೊಳೆ. ನರಸಿಂಹನ್ ಜೆಗದೀಶ್ ಮತ್ತು ಶೆರಿಡನ್ ಟಿಟ್‌ಮನ್ ಅದನ್ನು 1993ರಲ್ಲೇ ಲೇಖನ ಬರೆದು ಹೇಳಿಯಾಗಿದೆ. ನಮ್ಮಲ್ಲೇ ಅದರ ಮೇಲೆ ನಿಫ್ಟಿ ಸೂಚ್ಯಂಕವಿದೆ, ನಿಯಮಾವಳಿ ಯಾರು ಬೇಕಾದರೂ ಓದಬಹುದು, ಫಂಡ್‌ಗಳೂ ನಡೆಯುತ್ತಿವೆ. ಹೊಳೆಯ ನೀರು ಪೂರ್ತಿ ಬತ್ತದಿರಲು ಕಾರಣ ಅದರ ಪ್ರವಾಹ. 2009ರಂಥ ವರ್ಷದಲ್ಲಿ ಅದು ತನ್ನನ್ನು ನಂಬಿದವರನ್ನೇ ಮುಳುಗಿಸಿತು. ಹೆದರಿ ಓಡುವವರು ಇರುವತನಕ ನಿಂತವರಿಗೆ ಪಾಲಿದೆ.

ಮೂರನೆಯ ಬಗೆಯೊಂದು ಇದೆ ಅಂತ ನಮಗೆ ತೋರಿಸಿಕೊಟ್ಟದ್ದು ನ್ಯೂಯಾರ್ಕಿನ ಒಂದು ಮೊಕದ್ದಮೆ. ಜೇನ್ ಸ್ಟ್ರೀಟ್ ಎಂಬ ಟ್ರೇಡಿಂಗ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ, ತನ್ನನ್ನು ಬಿಟ್ಟು ಮಿಲೇನಿಯಂ ಎಂಬ ಫಂಡ್ ಸೇರಿದ ಇಬ್ಬರ ಮೇಲೂ ಆ ಫಂಡ್ ಮೇಲೂ ದಾವೆ ಹೂಡಿತು. ನಮ್ಮ ಗುಟ್ಟಿನ ಸ್ಟ್ರಾಟಜಿ ಕದ್ದೊಯ್ದರು ಎಂಬುದು ದೂರು. ಗುಟ್ಟು ಗುಟ್ಟಾಗಿಯೇ ಇರಲೆಂದು ಕಾಗದಪತ್ರದಲ್ಲಿ ವಿವರಗಳಿಗೆ ಮಸಿ ಬಳಿಯಲಾಗಿತ್ತು. ವಿಚಾರಣೆಯಲ್ಲಿ ವಕೀಲರ ಬಾಯಿಂದ ಮಾತು ಜಾರಿತು: ಅದು ಭಾರತದ ಆಪ್ಷನ್ ಮಾರ್ಕೆಟ್ಟಿನ ಸ್ಟ್ರಾಟಜಿ. 2023ರಲ್ಲಿ ಅದು ತಂದ ದುಡ್ಡು ಸುಮಾರು 100 ಕೋಟಿ ಡಾಲರ್ ಎಂಬುದೂ ಹೊರಬಿತ್ತು. ಸುದ್ದಿ ಓದಿ ನಮ್ಮ ಶೇರು ಮಾರ್ಕೆಟ್ಟಿನ ನಿಯಂತ್ರಕ ಸೆಬಿ ಕಿವಿ ನಿಮಿರಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಅವರವರು ರಾಜಿಯಾದರು, ಆದರೆ 2025ರ ಜುಲೈ 3ರಂದು ಸೆಬಿಯ ಮಧ್ಯಂತರ ಆದೇಶ ಬಂತು. 4,843.57 ಕೋಟಿ ರೂಪಾಯಿ ಮುಟ್ಟುಗೋಲು. ಆದೇಶದಲ್ಲಿ ಹೇಳಿರುವ ಒಂದು ದಿನ ನೋಡಿ: 2024ರ ಜನವರಿ 17. ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಶೇರು ಮತ್ತು ಫ್ಯೂಚರ್ಸ್‌ನಲ್ಲಿ ಸುಮಾರು 4,370 ಕೋಟಿಯ ಖರೀದಿ, ಅದೇ ಹೊತ್ತಿಗೆ ಆಪ್ಷನ್‌ನಲ್ಲಿ ಸೂಚ್ಯಂಕ ಬೀಳಲಿ ಎಂಬ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬಾಜಿ, ಮಧ್ಯಾಹ್ನ ಶೇರುಗಳ ಮಾರಾಟ. ಶೇರಿನಲ್ಲಿ, ಫ್ಯೂಚರ್ಸ್‌ನಲ್ಲಿ 60 ಕೋಟಿ ಚಿಲ್ಲರೆ ನಷ್ಟ, ಆಪ್ಷನ್‌ನಲ್ಲಿ ಸುಮಾರು 735 ಕೋಟಿ ಲಾಭ. ಇದು ಸೂಚ್ಯಂಕವನ್ನು ತಿರುಚಿದ್ದು ಎನ್ನುತ್ತದೆ ಸೆಬಿ. ಅಲ್ಲ, ಬೆಲೆಯ ವ್ಯತ್ಯಾಸವನ್ನು ಸರಿದೂಗಿಸುವ ಮಾಮೂಲು ವ್ಯಾಪಾರ ಎನ್ನುವ ಸಂಸ್ಥೆ ಮೇಲ್ಮನವಿ ಸಲ್ಲಿಸಿತು. ತೀರ್ಪು ಏನೇ ಬರಲಿ, ಇದನ್ನು ನೋಡಿದ ಮೇಲೆ ಯಾರಾದರೂ "ಗುಟ್ಟು ಹೇಳಿದರೆ ಸ್ಟ್ರಾಟಜಿ ಸಾಯುತ್ತದೆ" ಅಂದರೆ, ಸಾಯುವುದು ಜನ ನಕಲು ಮಾಡುತ್ತಾರೆಂದೋ, ಪೊಲೀಸಿನವರು ಬರುತ್ತಾರೆಂದೋ ಅಂತ ಕೇಳಬೇಕು ಅನ್ನಿಸುತ್ತದೆ.

ಇನ್ನು, ಹೇಳುತ್ತೇನೆ ಬನ್ನಿ ಎಂದು ಕರೆಯುವವರ ಮಾತು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ 1 ಕೋಟಿಗೂ ಮಿಕ್ಕ ಬಿಡಿ ಟ್ರೇಡರುಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇಷ್ಟು ಜನ ಸೋತಿರುವ ಊರಿನಲ್ಲಿ ಗೆಲ್ಲುವ ಉಪಾಯಕ್ಕೆ ಗಿರಾಕಿ ಕಡಿಮೆಯೇ? 2023ರ ಅಕ್ಟೋಬರಿನಲ್ಲಿ ಸೆಬಿ 'ಬಾಪ್ ಆಫ್ ಚಾರ್ಟ್' ಹೆಸರಿನಲ್ಲಿ ಕೋರ್ಸ್ ನಡೆಸುತ್ತಿದ್ದವರ ಮೇಲೆ ಹೊರಡಿಸಿದ ಮಧ್ಯಂತರ ಆದೇಶದಲ್ಲಿ ಎರಡು ಅಂಕಿ ಅಕ್ಕಪಕ್ಕ ಕೂತಿವೆ: ಕೋರ್ಸುಗಳಿಂದ ಸಂಗ್ರಹಿಸಿದ್ದು ಸುಮಾರು 17.2 ಕೋಟಿ, ಎರಡೂವರೆ ವರ್ಷದಲ್ಲಿ ಸ್ವಂತ ಟ್ರೇಡಿಂಗ್‌ನಲ್ಲಿ ಕಳೆದುಕೊಂಡದ್ದು 2.89 ಕೋಟಿ. ಸ್ಟ್ರಾಟಜಿ ಅವರಿಗೂ ಇತ್ತು, ಅದು ಮಾರ್ಕೆಟ್ಟಿನದ್ದಲ್ಲ ಅಷ್ಟೇ. ಆಮೇಲೆ 2025ರ ಜನವರಿಯಲ್ಲಿ ಸೆಬಿ, ಬರೀ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ದರಗಳನ್ನು ಬಳಸುವಂತಿಲ್ಲ ಎಂದಿತು. ಹಳೆಯ ಚಾರ್ಟ್ ಹಾಕಿ ಕಲಿಸು, ಇವತ್ತಿನದು ಹಾಕಿದರೆ ಅದು ಟಿಪ್. ಅಲ್ಗೊಗಳ, ಅಂದರೆ ತಾವೇ ಆರ್ಡರ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳ, ಬಗ್ಗೆ ಮರುತಿಂಗಳು ಬಂದ ಸುತ್ತೋಲೆಯೂ ಇದೇ ಗೆರೆಯನ್ನು ಬೇರೆ ಕಡೆ ಎಳೆಯಿತು: ಒಳಗಿನ ಲೆಕ್ಕ ಕಾಣುವ, ಬೇರೆಯವರೂ ಮಾಡಿ ನೋಡಬಹುದಾದ ಅಲ್ಗೊ 'ವೈಟ್ ಬಾಕ್ಸ್', ಕಾಣದ್ದು 'ಬ್ಲ್ಯಾಕ್ ಬಾಕ್ಸ್'. ಗುಟ್ಟಿಟ್ಟು ಮಾರುವವನು ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿಕೊಂಡು ಅದರ ವರದಿ ಇಟ್ಟಿರಬೇಕು. ಗುಟ್ಟು ತಪ್ಪಲ್ಲ, ಗುಟ್ಟನ್ನು ಮಾರುವುದಾದರೆ ಹೊಣೆ ಹೊರು ಎಂಬ ಈ ವಿಂಗಡಣೆ ನನಗೆ ಹಿಡಿಸಿತು.

ನಾನೂ ಒಂದು ಸ್ಟ್ರಾಟಜಿ ಮಾಡಿದ್ದೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಬೇಕು. ನಿಫ್ಟಿ ಶೇರುಗಳ ಎಂಟು ವರ್ಷದ ದರ ಎಕ್ಸೆಲ್ ಶೀಟಿಗೆ ತುಂಬಿ, ಆ ಹಳೆಯ ದರಗಳ ಮೇಲೆ ಬ್ಯಾಕ್‌ಟೆಸ್ಟ್ ಮಾಡಿದಾಗ ಬಂದ ಗೆರೆ ನೆಟ್ಟಗೆ ನಂದಿಬೆಟ್ಟ ಹತ್ತಿತ್ತು. ಮೂರು ತಿಂಗಳು ಯಾರಿಗೂ ತೋರಿಸಲಿಲ್ಲ. ಹೆಂಡತಿಗೂ. ಕೊನೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ, ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರೊಬ್ಬರ ಮುಂದೆ ಶೀಟ್ ಬಿಚ್ಚಿದೆ. ಅವರು ಕನ್ನಡಕ ಮೇಲೆತ್ತಿ ಎರಡು ಸಾಲು ನೋಡಿ, "ಕೊಳ್ಳೋದು ಮಧ್ಯಾಹ್ನ ಎರಡಕ್ಕೆ ಅಂತೀರಿ. ಆದ್ರೆ ಕೊಳ್ಳೋದೋ ಬೇಡ್ವೋ ಅಂತ ತೀರ್ಮಾನ ಮಾಡ್ತಿರೋದು ಸಾಯಂಕಾಲದ ಕ್ಲೋಸಿಂಗ್ ರೇಟ್ ನೋಡಿ. ಎರಡು ಗಂಟೆಗೆ ಅದು ನಿಮಗೆ ಹೇಗ್ರೀ ಗೊತ್ತಾಗತ್ತೆ?" ಅಂದರು. ಒಂದು ಕಾಲಂ ಒಂದು ಮನೆ ಆಚೆ ಸರಿದಿತ್ತು. ಸರಿಪಡಿಸಿದ ಮೇಲೆ ಬೆಟ್ಟ ಮಂಡ್ಯದ ಗದ್ದೆಬಯಲಾಯಿತು. ಮೂರು ತಿಂಗಳು ಕಾದ ಗುಟ್ಟು, ಹೇಳಿದ ಐದು ನಿಮಿಷಕ್ಕೆ ಗುಟ್ಟೇ ಅಲ್ಲವೆಂದು ಗೊತ್ತಾಯಿತು. ಮುಚ್ಚಿಟ್ಟದ್ದರ ಬೆಲೆಯನ್ನು ನಾವು ಸಾಮಾನ್ಯವಾಗಿ ಹೆಚ್ಚೇ ಕಟ್ಟಿಕೊಂಡಿರುತ್ತೇವೆ.

ಹಾಗಂತ ಬಾಯಿಗೆ ಬಂದದ್ದೆಲ್ಲ ಹೇಳುತ್ತ ಹೋಗುವುದರಲ್ಲಿ ಬೇರೆ ತೊಡಕಿದೆ. ಇಂಥ ಶೇರು ಕೊಂಡಿದ್ದೇನೆ ಎಂದು ನಾಲ್ಕು ಜನರೆದುರು ಹೇಳಿದ ಮೇಲೆ ಅದನ್ನು ಮಾರುವುದು ಮಾನದ ಪ್ರಶ್ನೆಯಾಗುತ್ತದೆ. ಸಣ್ಣ ಕಂಪನಿಯ ಶೇರಾದರಂತೂ ಹೇಳಿದ ಮಾತೇ ದರ ಏರಿಸುತ್ತದೆ. ತಾನು ಮೊದಲು ಕೊಂಡು, ಆಮೇಲೆ ಹೇಳಿ, ಕೇಳಿದವರು ಕೊಳ್ಳುವಾಗ ಅವರಿಗೇ ಮಾರಿ ಹೋಗುವವರಿಗೆ ಬೇರೆ ಸ್ಟ್ರಾಟಜಿಯೇ ಬೇಕಿಲ್ಲ.

ವಾರನ್ ಬಫೆಟ್ ತಮ್ಮ ಶೇರುದಾರರಿಗೆ ದಶಕಗಳ ಕಾಲ ವರ್ಷಾವರ್ಷ ಪತ್ರ ಬರೆದು ಕಂಪನಿಯನ್ನು ಹೇಗೆ ತೂಗಬೇಕು, ಎಲ್ಲಿ ತಾನು ಎಡವಿದೆ ಎಂದೆಲ್ಲ ಬಿಚ್ಚಿ ಹೇಳಿದವರು. ಆದರೆ ಅವರ ಬರ್ಕ್‌ಷೈರ್ ಹ್ಯಾಥವೇ, ಚಬ್ ಎಂಬ ವಿಮಾ ಕಂಪನಿಯ ಶೇರು ಕೊಳ್ಳುತ್ತಿದ್ದಾಗ ಅಮೆರಿಕದ ನಿಯಂತ್ರಕರ ಅನುಮತಿ ಪಡೆದು ಹೆಸರನ್ನು ಮುಚ್ಚಿಟ್ಟಿತ್ತು. 2024ರ ಮೇ ತಿಂಗಳಲ್ಲಿ ಹೆಸರು ಹೊರಬರುವ ಹೊತ್ತಿಗೆ ಕೈಯಲ್ಲಿ 670 ಕೋಟಿ ಡಾಲರಿನಷ್ಟು ಶೇರು ಸೇರಿತ್ತು. ಘಾಟಿ ಜಾತ್ರೆಯ ದಲ್ಲಾಳಿ ಮಾಡುವುದೂ ಇದನ್ನೇ. ಹಲ್ಲು ನೋಡುವುದನ್ನು ಊರಿಗೆಲ್ಲ ಕಲಿಸುತ್ತಾನೆ, ಬೆರಳು ಮಾತ್ರ ಟವೆಲ್ ಕೆಳಗೆ. ನನ್ನನ್ನು ಕೇಳಿದರೆ ನಾನೂ ಇಲ್ಲೇ ಗೆರೆ ಎಳೆಯುತ್ತೇನೆ, ಜೊತೆಗೆ ಒಂದು ಷರತ್ತು: ಪದ್ಧತಿಯನ್ನು ಹೇಳುವವನು ಸೋತ ದಿನಗಳ ಪುಟವನ್ನೂ ತೋರಿಸಬೇಕು. ಲಾಭದ ಸ್ಕ್ರೀನ್‌ಶಾಟ್ ಹಾಕುವುದು ದೊಡ್ಡದಲ್ಲ. ಹೋದ ವರ್ಷ ಸತತವಾಗಿ ಎಷ್ಟು ದಿನ ಸೋತೆ, ಹತ್ತು ಲಕ್ಷ ಎಷ್ಟಕ್ಕೆ ಇಳಿದಿತ್ತು, ಅವತ್ತು ನಿಯಮ ಪಾಲಿಸಿದೆಯೋ ಇಲ್ಲವೋ, ಇಷ್ಟನ್ನು ಹೇಳುವವನು ಕೋರ್ಸ್ ಮಾರಲಾರ. ಅಷ್ಟು ಕೇಳಿಸಿಕೊಂಡ ಮೇಲೂ ಮಾಡಲು ಮುಂದಾಗುವವರು ಎಷ್ಟು ಕಡಿಮೆಯೆಂದರೆ, ಹೇಳಿದವನ ಬಾವಿಗೂ ಧಕ್ಕೆ ಬರಲಿಕ್ಕಿಲ್ಲ.

ಮೊನ್ನೆ ಹಬ್ಬಕ್ಕೆ ಅಕ್ಕನ ಮಗ ಬಂದಿದ್ದ. ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ, ಅಂದರೆ ವಾರಕ್ಕೊಮ್ಮೆ ಅವಧಿ ಮುಗಿಯುವ ಆಪ್ಷನ್, 2024ರ ನವೆಂಬರಿನಲ್ಲಿ ನಿಂತ ಮೇಲೆ ನಿಫ್ಟಿಗೆ ಬಂದಿದ್ದಾನಂತೆ. ಸೋತ ದಿನಗಳ ಲೆಕ್ಕ ಇಟ್ಟಿದ್ದೀಯಾ ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದ, ಕೆಂಪು ಬಣ್ಣದ ಉದ್ದ ಪಟ್ಟಿ, ನನಗೆ ಖುಷಿಯಾಯಿತು. ಹಾಗೇ ಕೇಳಿದೆ, "ಈಗ್ಲೂ 9:20ಕ್ಕೇ ಏನೋ?"

"ಅಯ್ಯೋ, 9:20 ಈಗ ಯಾರು ಮಾಡ್ತಾರೆ ಮಾಮ. ಅದು ಹಾಳಾಗಿ ಎಷ್ಟು ಕಾಲ ಆಯ್ತು. ನಂದು ಈಗ 9:37."

"9:37 ಯಾಕೆ?"

ಹುಡುಗ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅದು ಹೇಳಕ್ಕಾಗಲ್ಲ ಮಾಮ."